ಹಳೇ ಕಂಪ್ಯೂಟರ್ ಸಾಮಾನು ಕೊಡೋರು, ತಗೊಳ್ಳೋರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಹಳೇ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡ ನಾವು ಕೆಲವರು ಬಿಡಿಭಾಗಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿರುತ್ತೇವೆ. ದುಡ್ಡಿನ ಮಾತಿಲ್ಲ. ಫೋನಿನಲ್ಲಿ, ಕಾಗದದಲ್ಲಿ, ಎದುರು ಸಿಕ್ಕಾಗ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ, ಕೊನೆಯವು ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವವರಿಗೆ.

## ಶುರುವಿಗೆ

ಅಟ್ಟದ ಮೇಲೆ ಇಪ್ಪತ್ತೈದು ವರ್ಷದ ಕಂಪ್ಯೂಟರ್ ಬಿದ್ದಿದೆ. ಯಾರಿಗಾದ್ರೂ ಬೇಕಾಗತ್ತಾ, ಇಲ್ಲ ಗುಜರಿಗೆ ಹಾಕ್ಬಿಡ್ಲಾ?

ಸ್ವಲ್ಪ ದಿನ ತಡೆಯಿರಿ. ಓಡುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಸತ್ತ ಮದರ್‌ಬೋರ್ಡಿನಿಂದಲೂ ಕಂಪ್ಯೂಟರನ್ನು ಶುರುಮಾಡಿಸುವ ಬಯಾಸ್ ಚಿಪ್ಪು, ಸಾಕೆಟ್ಟು, ಸ್ಲಾಟು ಬಿಚ್ಚಿಕೊಂಡು ಇನ್ನೊಂದನ್ನು ಬದುಕಿಸುವವರಿದ್ದಾರೆ. ಹಳದಿಗೆ ತಿರುಗಿದ ಖಾಲಿ ಕ್ಯಾಬಿನೆಟ್ಟಿಗೇ ಈಗ ಬರ. ಎಲ್ಲರೂ ಒಳಗಿನ ಬೋರ್ಡು ಎತ್ತಿಟ್ಟುಕೊಂಡು ಮೊದಲು ಎಸೆದದ್ದು ಅದನ್ನೇ.

ಆಯುಧಪೂಜೆಯ ಮುಂಚಿನ ವಾರ ನಮಗೆ ಸುಗ್ಗಿ. ಅಂಗಡಿ, ಆಫೀಸು, ಮನೆ ತೊಳೆಯುವಾಗ ಎಲ್ಲೆಲ್ಲಿಂದಲೋ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. "ವರ್ಷಾ ವರ್ಷಾ ಕುಂಕುಮ ಇಟ್ಟು ಪೂಜೆ ಮಾಡಿರೋದು, ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ" ಅನ್ನುವವರು ಬಹಳ ಮಂದಿ. ಬಳಸುವವರ ಕೈಗೆ ಕೊಡಿ, ಆ ಸಂಕಟ ತಪ್ಪುತ್ತದೆ. ವಿಭೂತಿ, ಕುಂಕುಮ ಫ್ಯಾನಿನೊಳಗೆ ಹೋಗಿ ಕೂತಿರುತ್ತದೆ. ಅದನ್ನು ತಗೊಂಡವರು ಒರೆಸಿಕೊಳ್ಳುತ್ತಾರೆ ಬಿಡಿ.

ಇದನ್ನ ತಗೊಂಡು ಅವ್ರು ಮಾಡೋದಾದ್ರೂ ಏನು?

ಕೆಲವರು ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಆಟಗಳನ್ನು ಆ ಕಾಲದ ಯಂತ್ರದಲ್ಲೇ ಆಡುತ್ತಾರೆ. ಕೆಲವರು ಹಳೇ ಫ್ಲಾಪಿಗಳಲ್ಲಿ ಸಿಕ್ಕಿಹಾಕಿಕೊಂಡ ಕಡತಗಳನ್ನು ಹೊರಗೆ ತೆಗೆಯುತ್ತಾರೆ. ಇನ್ನು ಕೆಲವರಿಗೆ ರಿಪೇರಿಯೇ ಸುಖ. ಕೆಟ್ಟದ್ದು ಓಡಿತು ಅಂದ ಕೂಡಲೇ ಅದರ ಮೇಲಿನ ಆಸೆ ಮುಗಿಯಿತು, ಮುಂದಿನವರಿಗೆ ಕೊಟ್ಟುಬಿಡುತ್ತಾರೆ. ಕೊಡುವವರ ದೃಷ್ಟಿಯಿಂದ ಈ ಮೂರನೇ ಜಾತಿಯವರೇ ಒಳ್ಳೆಯವರು, ಏಕೆಂದರೆ ಅವರು "ಓಡತ್ತಾ?" ಅಂತ ಕೇಳುವುದೇ ಇಲ್ಲ.

ಯಾವುದಕ್ಕೆ ಡಿಮ್ಯಾಂಡ್ ಇದೆ, ಯಾವುದಕ್ಕೆ ಇಲ್ಲ ಅಂತ ನೇರವಾಗಿ ಹೇಳ್ಬಿಡಿ.

ತುಂಬಾ ಬೇಕಾದದ್ದು 286ರಿಂದ ಪೆಂಟಿಯಮ್ 3ರವರೆಗಿನ ಪ್ರೊಸೆಸರ್ ಇರುವ ಕಂಪ್ಯೂಟರು. ಕಾರ್ಡು ಸಿಕ್ಕಿಸುವ ಉದ್ದನೆಯ ಕಪ್ಪು ಐಎಸ್‌ಎ ಸ್ಲಾಟ್ ಇರುವ ಯಾವ ಮದರ್‌ಬೋರ್ಡಾದರೂ ಸರಿ, ಕೇಳುವವರಿದ್ದಾರೆ. ಐಎಸ್‌ಎ ಸೌಂಡ್ ಕಾರ್ಡು ಸಿಕ್ಕರೆ ಇನ್ನೂ ಚೆನ್ನ. ಅದರ ಮೇಲೆ ಯಮಾಹಾದ ವೈಎಂಎಫ್262 ಚಿಪ್ಪು ಕಂಡರೆ ಫೋಟೋ ತೆಗೆದು ಮೊದಲು ಅದನ್ನೇ ಕಳಿಸಿ. ಆ ಕಾಲದ ಆಟಗಳ ಸಂಗೀತ ಹುಟ್ಟುತ್ತಿದ್ದದ್ದು ಆ ಚಿಪ್ಪಿನಲ್ಲಿ. ಒಂದೇ ಕಾರ್ಡಿನ ಹಿಂಬದಿ ಮಾನಿಟರ್ ಕೇಬಲ್ಲಿನ ಕನೆಕ್ಟರ್ ಎರಡಿದ್ದರೆ ಅದು 1996ರಲ್ಲಿ ಬಂದ ವೂಡೂ ಎಂಬ 3ಡಿ ಗ್ರಾಫಿಕ್ಸ್ ಕಾರ್ಡಿನ ಥರದ್ದಿರಬಹುದು. ಮಾಮೂಲಿ ಡಿಸ್ಪ್ಲೇ ಕಾರ್ಡಿನ ಸಿಗ್ನಲ್ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಮಾನಿಟರಿಗೆ ಹೋಗಲಿ ಎಂದು ಆ ಎರಡು ಕನೆಕ್ಟರ್.

ಐದೂಕಾಲು ಇಂಚಿನ ಫ್ಲಾಪಿ ಡ್ರೈವು, ಐದು ಪಿನ್ನಿನ ದುಂಡು ಕನೆಕ್ಟರಿನ ಕೀಬೋರ್ಡು, ಸೀರಿಯಲ್ ಮೌಸು, ಟಿವಿಎಸ್ ಗೋಲ್ಡ್ ಕೀಬೋರ್ಡು ಇವೆಲ್ಲಾ ಹೇಳಿದ ದಿನವೇ ಹೋಗುತ್ತವೆ. ಟಿವಿಎಸ್ ಗೋಲ್ಡ್‌ನ ಒಂದೆರಡು ಕೀ ಸತ್ತಿದ್ದರೂ ಪರವಾಗಿಲ್ಲ, ಸ್ವಿಚ್ ಬದಲಾಯಿಸಬಹುದು.

ಬೇಡಿಕೆ ಇಲ್ಲದ್ದು ಪೆಂಟಿಯಮ್ 4 ಕಾಲದ ಮಾಮೂಲಿ ಬೋರ್ಡು, ಡಿಡಿಆರ್2 ರ‍್ಯಾಮು, ಸಿಡಿ ಡ್ರೈವು, 56ಕೆ ಮೋಡೆಮ್ಮು. ಎಲ್ಲರ ಮನೆಯಲ್ಲೂ ಇರುವುದರಿಂದ ಯಾರಿಗೂ ಬೇಡ. ಇನ್ನು ಹತ್ತು ವರ್ಷಕ್ಕೆ ಇವಕ್ಕೂ ಕಾಲ ಬರಬಹುದು, ಆದರೆ ಅಲ್ಲಿವರೆಗೆ ಅಟ್ಟದಲ್ಲಿ ಇಟ್ಟುಕೊಳ್ಳಿ ಅಂತ ನಿಮ್ಮ ಮನೆಯವರಿಗೆ ಹೇಳುವ ಧೈರ್ಯ ನನಗಿಲ್ಲ.

ಒಂದು ಮಾತು ಸೇರಿಸಬೇಕು. ಕ್ಯಾಬಿನೆಟ್ಟಿನ ಸ್ಕ್ರೂ, ಹಿಂದಿನ ತಗಡು ಪಟ್ಟಿ, ಮದರ್‌ಬೋರ್ಡ್ ಕೂರಿಸುವ ಹಿತ್ತಾಳೆ ಕಂಬ, ಚಪ್ಪಟೆ ರಿಬ್ಬನ್ ಕೇಬಲ್ಲು, ಇವನ್ನು ಕಸ ಅಂತ ತೆಗೆದುಹಾಕಬೇಡಿ. ಒಂದು ಬಾಳೆಕಾಯಿ ಚಿಪ್ಸ್ ಡಬ್ಬಿಯಲ್ಲಿ ತುಂಬಿ ಕೊಡಿ.

ಗುಜರಿಯವ್ರು ಕೆಜಿ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ. ಪುಕ್ಸಟ್ಟೆ ಯಾಕೆ ಕೊಡ್ಬೇಕು?

ಕೊಡಲೇಬೇಕು ಅಂತ ಯಾರೂ ಹೇಳಿಲ್ಲ. ದುಡ್ಡು ಬೇಕಿದ್ದರೆ ಮಾರಿ, ಅದರಲ್ಲಿ ನಾಚಿಕೆಯಿಲ್ಲ. ಗುಜರಿಯವರಿಗೆ ಮಾತ್ರ ಕಬ್ಬಿಣದ ಕ್ಯಾಬಿನೆಟ್ಟೂ ಒಂದೇ, ಸೌಂಡ್ ಕಾರ್ಡೂ ಒಂದೇ, ಎರಡೂ ತಕ್ಕಡಿಗೆ. 486, ಪೆಂಟಿಯಮ್ ಪ್ರೊ ಥರದ ಸೆರಾಮಿಕ್ ಪ್ರೊಸೆಸರ್‌ಗಳ ಪಿನ್ನಿಗೆ ಚಿನ್ನದ ಲೇಪ ಇರುತ್ತದೆ. ಅವನ್ನು ಆರಿಸಿಕೊಂಡು ಆಸಿಡ್ಡಿನಲ್ಲಿ ಕರಗಿಸುವವರಿದ್ದಾರೆ. ಆ ಹೊಗೆ ಕುಡಿಯುವವರು ಕೂಲಿಯವರು. ನಿಮ್ಮ 486 ಒಂದು ಸಲ ಆ ದಾರಿ ಹಿಡಿದರೆ ಮುಗಿಯಿತು, ಯಾರೂ ಮತ್ತೆ ಮಾಡುವುದಿಲ್ಲ.

## ಕೊಡುವ ಮುಂಚೆ

ನಂಗೆ ಕಂಪ್ಯೂಟರ್ ತಲೆಬುಡ ಗೊತ್ತಿಲ್ಲ. ಇದು ಏನು ಅಂತ ಹೇಗೆ ಹೇಳ್ಲಿ?

ಹೇಳಬೇಡಿ, ಫೋಟೋ ತೆಗೆಯಿರಿ. ಕ್ಯಾಬಿನೆಟ್ಟಿನ ಮುಂದೆ, ಹಿಂದೆ, ಪಕ್ಕದ ತಗಡು ಬಿಚ್ಚಿ ಒಳಗೆ. ಬಿಡಿ ಕಾರ್ಡಾದರೆ ಎರಡೂ ಬದಿ. ಬೆಳಿಗ್ಗೆ ಹೊತ್ತು ಕಿಟಕಿ ಪಕ್ಕ ಇಟ್ಟು ತೆಗೆದರೆ ಚಿಪ್ಪಿನ ಮೇಲಿನ ಅಕ್ಷರ ಓದಲು ಬರುತ್ತದೆ. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಹೊಳಪು.

ರ‍್ಯಾಮ್ ಗುರುತಿಸುವುದು ಸುಲಭ. ಬಂಗಾರದ ಬಣ್ಣದ ಹಲ್ಲುಸಾಲಿನ ನಡುವಿನ ಕಚ್ಚು ನೋಡಿ. ಉದ್ದನೆಯ ಪಟ್ಟಿಯಲ್ಲಿ ಎರಡು ಕಚ್ಚಿದ್ದರೆ 168 ಪಿನ್ನಿನ ಎಸ್‌ಡಿರ‍್ಯಾಮ್. ಒಂದೇ ಇದ್ದರೆ ಡಿಡಿಆರ್ ಅಥವಾ ಆಮೇಲಿನದು. ಗಿಡ್ಡ ಪಟ್ಟಿಯಾದರೆ 30 ಅಥವಾ 72 ಪಿನ್ನಿನ ಸಿಮ್ (ಫೋನಿನ ಸಿಮ್ ಅಲ್ಲ, ರ‍್ಯಾಮಿನದೇ ಒಂದು ನಮೂನೆ), ಅದು ಹಳೆಯದು, ಜೋಪಾನ.

ಚಿಪ್ಪಿನ ನಡುವೆ ಗಾಜಿನ ಕಿಂಡಿ ಇದ್ದು ಅದರ ಮೇಲೆ ಚೀಟಿ ಅಂಟಿಸಿದ್ದರೆ ಆ ಚೀಟಿ ಕೀಳಬೇಡಿ. ಕಿಂಡಿಯೊಳಗೆ ನೇರಳಾತೀತ ಬೆಳಕು ಬಿದ್ದರೆ ಒಳಗೆ ಬರೆದ ಪ್ರೋಗ್ರಾಂ ಅಳಿಸಿಹೋಗುತ್ತದೆ. ಬಿಸಿಲಿನಲ್ಲೂ ಆ ಬೆಳಕು ಇದೆ.

ಕೊಡೋ ಮುಂಚೆ ಒಂದ್ಸಲ ಆನ್ ಮಾಡಿ ನೋಡ್ಲಾ? ಓಡತ್ತೆ ಅಂತ ಹೇಳಿ ಕೊಟ್ರೆ ಚೆಂದ ಅಲ್ವಾ?

ಬೇಡ. ದಯವಿಟ್ಟು ಬೇಡ. ವರ್ಷಗಟ್ಟಲೆ ಸುಮ್ಮನಿದ್ದ ಪವರ್ ಸಪ್ಲೈಯೊಳಗೆ ಕೆಪಾಸಿಟರ್ ಒಣಗಿರುತ್ತದೆ, ಜಿರಳೆ ಸಂಸಾರ ಮಾಡಿರುತ್ತದೆ, ಒಮ್ಮೊಮ್ಮೆ ಹಲ್ಲಿ ಸತ್ತು ಒಣಗಿ ಎರಡು ತಂತಿ ಕೂಡಿಸಿರುತ್ತದೆ. ಹಿಂಬದಿಯ ಪುಟ್ಟ ಕೆಂಪು ಸ್ವಿಚ್ಚನ್ನು ಮಕ್ಕಳು 115ಕ್ಕೆ ತಳ್ಳಿದ್ದರಂತೂ ನಮ್ಮ 230 ವೋಲ್ಟ್ ಕೊಟ್ಟ ಕ್ಷಣವೇ ಢಮ್. 1980ರ ದಶಕದಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದಂಥ ಯಂತ್ರಗಳ ಪವರ್ ಸಪ್ಲೈಯಲ್ಲಿರುವ ಕಾಗದದ ಕೆಪಾಸಿಟರ್ ಸೀಳು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ಮನೆ ತುಂಬಾ ಹೊಗೆ.

"ಚೆಕ್ ಮಾಡಿಲ್ಲ" ಅಂತ ಒಂದು ಮಾತು ಹೇಳಿದರೆ ಸಾಕು, ಅದರಿಂದ ಸಾಮಾನಿನ ಬೆಲೆ ಕಮ್ಮಿಯಾಗುವುದಿಲ್ಲ. "ಎರಡು ವರ್ಷದ ಹಿಂದೆ ಓಡ್ತಿತ್ತು" ಅನ್ನುವುದಕ್ಕಿಂತ ಅದೇ ವಾಸಿ.

ಹಾರ್ಡ್ ಡಿಸ್ಕಲ್ಲಿ ಮಕ್ಕಳ ಫೋಟೋ, ಅಂಗಡಿ ಲೆಕ್ಕ ಎಲ್ಲಾ ಇದೆ. ಫಾರ್ಮ್ಯಾಟ್ ಹೊಡೆದು ಕೊಟ್ರೆ ಆಯ್ತಲ್ಲ?

ಆಗುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳೆಲ್ಲಾ ಹಾಗೇ ಇರುತ್ತವೆ. ಸುಮ್ಮನೆ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಂಡು ಮಿಕ್ಕದ್ದನ್ನು ಕೊಡಿ. ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರನ್ನು ಯಾರೂ ಬೇಡ ಅನ್ನುವುದಿಲ್ಲ, ಅದರ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಅದನ್ನು ಹಳೇ ಡಿಸ್ಕಿನ ಕೇಬಲ್ಲಿಗೆ ಕೂರಿಸುವ ಒಂದು ಐಡಿಇ ಅಡಾಪ್ಟರು ಹಾಕಿಕೊಳ್ಳುತ್ತಾರೆ.

ಡಿಸ್ಕನ್ನೂ ಕೊಡಬೇಕು ಅನಿಸಿದರೆ ಡಿಬ್ಯಾನ್ ಥರದ, ಡಿಸ್ಕ್ ಅಳಿಸುವ ಪ್ರೋಗ್ರಾಮಿನಲ್ಲಿ ಪೂರ್ತಿ ಸೊನ್ನೆ ಬರೆಸಿ. ತಿರುಗುವ ಡಿಸ್ಕಿಗೆ ಒಂದು ಸುತ್ತು ಸಾಕು. ಫೋಟೋ ಬೇಕಿದ್ದರೆ ಅದಕ್ಕೂ ಮುಂಚೆ ಯುಎಸ್‌ಬಿ-ಐಡಿಇ ಅಡಾಪ್ಟರ್ ಹಾಕಿ ಒಂದೇ ಸಲಕ್ಕೆ ಎಲ್ಲಾ ನಕಲು ಮಾಡಿಕೊಳ್ಳಿ. ಕಟಕಟ ಸದ್ದು ಬಂದರೆ ತಕ್ಷಣ ನಿಲ್ಲಿಸಿ. "ನಾನು ಅಳಿಸ್ಕೋತೀನಿ, ಕೊಡಿ ಅಣ್ಣಾ" ಅಂತ ಯಾರು ಎಷ್ಟೇ ಒತ್ತಾಯ ಮಾಡಿದರೂ ಮನಸ್ಸಿಲ್ಲದೆ ಕೊಡಬೇಡಿ.

ನಮ್ಮ ತಂದೆ ಡಿಟಿಪಿ ಸೆಂಟರ್ ಇಟ್ಟಿದ್ರು. ಅವ್ರು ಹೋದ್ಮೇಲೆ ಎಲ್ಲಾ ಹಂಗೇ ಇದೆ. ಒಂದೊಂದೇ ಕೊಡ್ಲಾ, ಒಟ್ಟಿಗೆ ಕೊಡ್ಲಾ?

ಒಟ್ಟಿಗೆ. ಇದೊಂದು ವಿಷಯದಲ್ಲಿ ನನ್ನದು ಹಟ. ಡಿಟಿಪಿ ಅಂಗಡಿಯಲ್ಲಿ ಒಂದರ ಬಾಲ ಇನ್ನೊಂದಕ್ಕೆ ಕಟ್ಟಿರುತ್ತದೆ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಬೆಂಕಿಪೊಟ್ಟಣದ ಗಾತ್ರದ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಸಿರಬಹುದು. ನೋಡಿದವರು ಯಾವುದೋ ಕನೆಕ್ಟರ್ ಅಂದುಕೊಂಡು ಕಿತ್ತೆಸೆಯುತ್ತಾರೆ. ಅದು ಡಾಂಗಲ್, ಸಾಫ್ಟ್‌ವೇರಿನ ಬೀಗದ ಕೈ. ಅದಿಲ್ಲದಿದ್ದರೆ ಕನ್ನಡ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ.

ಫಾಂಟುಗಳದ್ದು ಇನ್ನೊಂದು ಕಥೆ. ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತ ರೂಢಿಯಾಗುವ ಮುಂಚೆ ಶ್ರೀಲಿಪಿ, ನುಡಿ ಥರದ ಕನ್ನಡ ಸಾಫ್ಟ್‌ವೇರುಗಳ ಸಂಕೇತ ಬೇರೆ ಬೇರೆ. ಅವತ್ತು ಬೆರಳಚ್ಚು ಮಾಡಿದ ಲಗ್ನಪತ್ರಿಕೆಯನ್ನು ಇವತ್ತು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆ ಫಾಂಟು, ಆ ಆವೃತ್ತಿಯ ಫ್ಲಾಪಿ ಇದ್ದರೆ ಓದಬಹುದು, ಯೂನಿಕೋಡಿಗೂ ತಿರುಗಿಸಬಹುದು.

ಸರ್ಕಾರಿ ಕೆಲಸ, ಮುದ್ರಣದ ಕೆಲಸ ಮಾಡುತ್ತಿದ್ದ ಹಳೇ ಯಂತ್ರವಾದರೆ ಒಳಗೆ ಜಿಸ್ಟ್ ಕಾರ್ಡ್ ಇದೆಯಾ ನೋಡಿಸಿ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಡಾಸ್ ಪರದೆಯ ಮೇಲೆ ಕನ್ನಡವೂ ಸೇರಿ ನಮ್ಮ ಭಾಷೆಗಳನ್ನು ಮೂಡಿಸುತ್ತಿದ್ದ ಕಾರ್ಡು. ಹೊರದೇಶದ ಸಂಗ್ರಾಹಕರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ. ನಾವು ಕಾಪಾಡದಿದ್ದರೆ ಇನ್ಯಾರೂ ಕಾಪಾಡುವುದಿಲ್ಲ.

ಫ್ಲಾಪಿಗಳ ಮೇಲೆ ಮಳೆಗಾಲದ ಬೂಷ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಬೇಡಿ. ಆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಚೀಟಿ ಕಾಣುವಂತೆ ಫೋಟೋ ತೆಗೆದು ಹಾಗೇ ಕೊಡಿ, ತೊಳೆದು ಓದುವ ವಿಧಾನ ಬಲ್ಲವರಿದ್ದಾರೆ. ಆದರೆ ಕೆಲವು ಫ್ಲಾಪಿಗಳಲ್ಲಿ ಗಿರಾಕಿಗಳ ಕ್ರಯಪತ್ರ, ಕೋರ್ಟು ಅರ್ಜಿ, ಮದುವೆ ಕಾಗದ ಇರುತ್ತವೆ. ಅವು ನಿಮ್ಮವೂ ಅಲ್ಲ, ತಗೊಂಡವರವೂ ಅಲ್ಲ. ಸಾಫ್ಟ್‌ವೇರು, ಫಾಂಟಿನ ಫ್ಲಾಪಿ ಬೇರೆ ಮಾಡಿ ಅವನ್ನಷ್ಟೇ ದಾಟಿಸಿ.

ನಮ್ಮ ಸ್ಕೂಲ್ ರೂಮಲ್ಲಿ ಹಳೇ ಕಂಪ್ಯೂಟರ್ ತುಂಬಿ ಬಾಗಿಲೇ ತೆಗೆಯೋಕಾಗಲ್ಲ. ಹೆಡ್‌ಮಾಸ್ಟರ್ ಆಗಿ ನಾನು ಕೊಡಬಹುದಾ?

ಸರ್ಕಾರಿ ಶಾಲೆಯಾದರೆ ಕೊಡುವ ಹಾಗಿಲ್ಲ ಸಾರ್. ಸ್ಟಾಕ್ ರಿಜಿಸ್ಟರಿನಲ್ಲಿ ಇರುವವರೆಗೆ ಸ್ಕ್ರೂ ಕೂಡ ಇಲಾಖೆಯದು. ನಿರುಪಯುಕ್ತ ಅಂತ ಕಂಡೆಮ್ ಆಗಿ ಹರಾಜಿಗೆ ಬರಬೇಕು. ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿ ನಿರ್ಣಯ ಮಾಡಿ ಬರೆದುಕೊಡಲಿ. ಹರಾಜಿನ ದಿನ ತಿಳಿಸಿದರೆ ನಮ್ಮವರೇ ಬಂದು ಕೂಗುತ್ತಾರೆ.

ಆದರೆ ಹರಾಜಿಗೆ ಮುಂಚೆ ಕೋಣೆಯನ್ನು ಒಮ್ಮೆ ನೋಡಿಸಿ. ಕೇಂದ್ರ ಸರ್ಕಾರ 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಶುರುಮಾಡಿದ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಹಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿದ್ದವು. ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರ್, ಮೇಲ್ಸಾಲಿನಲ್ಲಿ ಕೆಂಪು ಕೀಗಳು. ನೋಡುವವರಿಗೆ ಬರೀ ದಪ್ಪ ಕೀಬೋರ್ಡಿನಂತೆ ಕಾಣುವುದರಿಂದ ಪಟ್ಟಿಯಲ್ಲಿ "ಹಳೇ ಕೀಬೋರ್ಡ್" ಅಂತಲೇ ಬರೆದುಬಿಡಬಹುದು.

## ಕೊಡುವಾಗ, ತಗೊಳ್ಳುವಾಗ

ಮಂಡ್ಯದಿಂದ ಮೈಸೂರಿಗೆ ಕಳಿಸೋದು ಹೇಗೆ? ಕೊರಿಯರ್ ಅಂದ್ರೆ ಭಯ.

ಭಯ ನ್ಯಾಯವೇ. ನಲವತ್ತೈದು ಕಿಲೋಮೀಟರಿಗೆ ಕೊರಿಯರ್ ಯಾಕೆ, ದಿನಾ ರೈಲಿನಲ್ಲಿ ಓಡಾಡುವ ಪರಿಚಯದವರ ಕೈಲಿ ಕೊಟ್ಟು ಕಳಿಸಿ. ಒಂದು ಕಾರ್ಡು, ಒಂದು ಬೋರ್ಡು ಊಟದ ಬ್ಯಾಗಿನ ಪಕ್ಕ ಕೂರುತ್ತದೆ. ಇಡೀ ಕ್ಯಾಬಿನೆಟ್ಟಾದರೆ ತಗೊಳ್ಳುವವರೇ ಬರಲಿ. ದೂರದ ಊರಿಗಾದರೆ ಕೆಎಸ್‌ಆರ್‌ಟಿಸಿ ಕಾರ್ಗೋ ಇದೆ.

ಬೋರ್ಡನ್ನು ಹೊಳೆಯುವ ಆ್ಯಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ. ಹೊಸ ಹಾರ್ಡ್ ಡಿಸ್ಕು, ರ‍್ಯಾಮ್ ಕೊಂಡಾಗ ಬಂದದ್ದನ್ನು ಎತ್ತಿಟ್ಟುಕೊಂಡಿದ್ದರೆ ಅದೇ ಆಯಿತು. ಇಲ್ಲದಿದ್ದರೆ ಕಾಗದ ಸುತ್ತಿ, ಮೇಲೆ ರಟ್ಟು. ಥರ್ಮಾಕೋಲನ್ನು ನೇರವಾಗಿ ತಾಗಿಸಬೇಡಿ, ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಹುಟ್ಟುತ್ತದೆ. ಪ್ರೊಸೆಸರಿನ ಪಿನ್ನನ್ನು ಥರ್ಮಾಕೋಲಿಗೆ ಚುಚ್ಚಿ ಕಳಿಸುವುದಂತೂ ಬೇಡವೇ ಬೇಡ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತುವುದಾದರೆ ಮೊದಲು ನಾಣ್ಯದಂಥ ಬ್ಯಾಟರಿ ತೆಗೆಯಿರಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಪೆಂಟಿಯಮ್ 4ರ ದಪ್ಪ ಹೀಟ್‌ಸಿಂಕ್ ಬಿಚ್ಚಿ ಬೇರೆ ಪೊಟ್ಟಣ ಕಟ್ಟಿ. ದಾರಿಯಲ್ಲಿ ಕಳಚಿಕೊಂಡರೆ ಪೆಟ್ಟಿಗೆಯೊಳಗೆ ಸುತ್ತಿಗೆ ಬಿಟ್ಟ ಹಾಗೆ.

ಟಿವಿ ಥರದ ದಪ್ಪ ಮಾನಿಟರ್ ಇದೆ. ಫೋನ್ ಮಾಡಿದೋರೆಲ್ಲಾ ಅದೊಂದು ಬೇಡ ಅಂತಾರೆ.

ಜಾಗ ಇಲ್ಲ, ಅದಕ್ಕೆ. ಹದಿನಾಲ್ಕು, ಹದಿನೈದು ಇಂಚಿನದಾದರೆ ಕಾದರೆ ಯಾರಾದರೂ ಬರುತ್ತಾರೆ. ಕೇಬಲ್ಲಿನ ತುದಿಯಲ್ಲಿ ಹದಿನೈದರ ಬದಲು ಒಂಬತ್ತು ಪಿನ್ ಇದ್ದರೆ ಅದು 1987ರಲ್ಲಿ ಬಂದ ವಿಜಿಎ ಎಂಬ ಡಿಸ್ಪ್ಲೇ ಪದ್ಧತಿಗಿಂತ ಹಳೆಯದು, ಓಡಿಬಂದು ತಗೊಳ್ಳುತ್ತಾರೆ. ಎತ್ತುವಾಗ ಗಾಜಿನ ಮುಖ ನಿಮ್ಮ ಎದೆಗೆ ಇರಲಿ, ಭಾರವೆಲ್ಲಾ ಅಲ್ಲೇ. ಸ್ಕೂಟರ್ ಮೇಲೆ ಬೇಡ, ಆಟೋ ಮಾಡಿ. ಹಿಂಬದಿ ಬಿಚ್ಚುವ ಸಾಹಸ ಬೇಡ. ಬಣ್ಣದ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟ್ ಮೀರಿ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು.

ಪುಕ್ಸಟ್ಟೆ ತಗೊಂಡು ಆನ್‌ಲೈನಲ್ಲಿ ಸಾವಿರಾರು ರೂಪಾಯಿಗೆ ಮಾರ್ಕೊಂಡ್ರೆ?

ಕೆಲವರು ಮಾರುತ್ತಾರೆ. ತಡೆಯಲು ಆಗುವುದಿಲ್ಲ, ಆದರೆ ಗುರುತು ಹಿಡಿಯಬಹುದು. "ಇದನ್ನ ಯಾವುದಕ್ಕೆ ಹಾಕ್ತೀರಿ?" ಅಂತ ಕೇಳಿ. ನಿಜವಾದ ಆಸಕ್ತರು ತಮ್ಮ ಬೋರ್ಡು, ಅದರ ರೋಗ, ಯಾವ ಭಾಗಕ್ಕೆ ಎಷ್ಟು ದಿನದಿಂದ ಹುಡುಕುತ್ತಿದ್ದಾರೆ ಎಲ್ಲಾ ಹೇಳಿಕೊಂಡು ಫೋನ್ ಇಡುವುದೇ ಇಲ್ಲ. ವ್ಯಾಪಾರಿಯ ಉತ್ತರ ಒಂದೇ, "ಎಲ್ಲಾ ನಂಗೇ ಇರ್ಲಿ ಸಾರ್." ರಿಪೇರಿ ಮಾಡಿ, ಹಾಕಿದ ಖರ್ಚಿಗೆ ಇನ್ನೊಬ್ಬ ಆಸಕ್ತರಿಗೆ ಕೊಟ್ಟರೆ ಅದನ್ನು ನಾನು ವ್ಯಾಪಾರ ಅನ್ನುವುದಿಲ್ಲ.

ನಾನು ತಗೊಳ್ಳೋನು, ಕಾಲೇಜ್ ಹುಡುಗ. ಹಿರಿಯರ ಹತ್ರ ಹೇಗೆ ಕೇಳೋದು?

ಏನು ಬೇಕು ಅಂತ ಹೆಸರು ಹಿಡಿದು ಕೇಳು. "ಏನಿದ್ರೂ ಕೊಡಿ" ಅಂದರೆ ಕೊಡುವವರಿಗೂ ಗೊಂದಲ. ಹೇಳಿದ ಹೊತ್ತಿಗೆ ಹೋಗು. ಒಂದು ಕಾರ್ಡಿಗಾಗಿ ಹೋದಾಗ "ಇದನ್ನೂ ತಗೊಂಡು ಹೋಗಪ್ಪಾ" ಅಂತ ಒಂದು ಚೀಲ ಸಿಡಿ ಡ್ರೈವು ಕೊಟ್ಟರೆ ತಗೋ, ಅದು ಅವರ ಅಟ್ಟ ಖಾಲಿ ಮಾಡಿದ್ದಕ್ಕೆ ನೀನು ಕೊಡುವ ಬಾಡಿಗೆ. ಮನೆಗೆ ಬಂದು ಅದನ್ನು ರಸ್ತೆ ಬದಿ ಎಸೆಯುವಂತಿಲ್ಲ. ಓಡಿದ ಮೇಲೆ ಒಂದು ಫೋಟೋ ಕಳಿಸು. ಬಹಳಷ್ಟು ಜನ ಮುಂದಿನ ಸಲ ಕೊಡುವುದು ಆ ಫೋಟೋ ನೋಡಿಯೇ.

ಯಾರಿಗೂ ಬೇಡವಾಗಿ ಉಳಿದದ್ದನ್ನ ಏನ್ಮಾಡ್ಲಿ?

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಅವರ ಪಟ್ಟಿ ಇರುತ್ತದೆ. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುವುದರಿಂದ ಅದನ್ನು ಮಾತ್ರ ಒಡೆದು ಕಸದ ಗಾಡಿಗೆ ಹಾಕಬೇಡಿ.

## ಕೈಪಳಗಿದವರಿಗೆ

386 ಬೋರ್ಡ್ ಸಿಕ್ತು, ಒಂದು ಮೂಲೇಲಿ ಹಸಿರು ಕಿಲುಬು. ತೊಳೆದು ಕೊಡ್ಲಾ, ಹಂಗೇ ಕೊಡ್ಲಾ?

ಅದು ನೀಲಿ ಅಥವಾ ಹಸಿರು ಪೀಪಾಯಿ ಬ್ಯಾಟರಿಯ ಕೆಲಸ. 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ. ಸೋರುವುದು ಕ್ಷಾರ, ದಿನ ಹೋದಂತೆ ತಾಮ್ರದ ಗೆರೆಗಳನ್ನು ತಿನ್ನುತ್ತಲೇ ಇರುತ್ತದೆ. ಬ್ಯಾಟರಿಯನ್ನು ಇವತ್ತೇ ಕತ್ತರಿಸಿ ತೆಗೆಯಿರಿ, ಬೋರ್ಡ್ ಯಾರಿಗೆ ಅಂತ ಆಮೇಲೆ ಯೋಚಿಸಿ. ಹತ್ತಿಕಡ್ಡಿಗೆ ಬಿಳಿ ವಿನೆಗರ್ ಅದ್ದಿ ಉಜ್ಜಿದರೆ ಕ್ಷಾರ ಸಾಯುತ್ತದೆ. ಆಮೇಲೆ ಶುದ್ಧೀಕರಿಸಿದ ನೀರು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಕೈಗವಸು ಇರಲಿ. ಕೀಬೋರ್ಡ್ ಕನೆಕ್ಟರ್ ಹತ್ತಿರದ ಗೆರೆಗಳು ಮೊದಲು ಹೋಗುತ್ತವೆ, ಕೊಡುವಾಗ ಅಲ್ಲಿನ ಫೋಟೋ ಸೇರಿಸಿ.

ಎಟಿ ಪವರ್ ಸಪ್ಲೈ ಕೊಡ್ತಿದೀನಿ. ಹೊಸಬರಿಗೆ ಏನು ಹೇಳಿ ಕೊಡ್ಬೇಕು?

ಮದರ್‌ಬೋರ್ಡಿಗೆ ಹೋಗುವ ಪಿ8, ಪಿ9 ಎರಡು ಕನೆಕ್ಟರ್ ಅದಲುಬದಲಾದರೂ ಕೂರುತ್ತವೆ, ಬೋರ್ಡ್ ಸುಡುತ್ತದೆ. ನಾಲ್ಕೂ ಕಪ್ಪು ತಂತಿ ನಡುವೆ ಒಟ್ಟಿಗೆ ಬರಬೇಕು. ಮುಂದಿನ ಸ್ವಿಚ್ಚಿಗೆ ಬರುವ ದಪ್ಪ ಕೇಬಲ್ಲಿನಲ್ಲಿ ನೇರ 230 ವೋಲ್ಟ್ ಇರುತ್ತದೆ, ಆಮೇಲೆ ಬಂದ ಎಟಿಎಕ್ಸ್ ಸಪ್ಲೈ ಥರ ಅಲ್ಲ. ಅದರ ಕನೆಕ್ಟರ್‌ಗಳ ಮೇಲಿನ ರಬ್ಬರ್ ತೋಳು ಹೋಗಿದ್ದರೆ ಹೊಸದು ಹಾಕಿಯೇ ಕೊಡಿ. ಬಿಳಿ ತಂತಿಯನ್ನು ಕತ್ತರಿಸಬೇಡಿ. ಮೈನಸ್ 5 ವೋಲ್ಟ್ ಬರುವುದು ಅದರಲ್ಲಿ, ಕೆಲವು ಹಳೇ ಐಎಸ್‌ಎ ಸೌಂಡ್ ಕಾರ್ಡುಗಳಿಗೆ ಅದು ಬೇಕೇ ಬೇಕು. ಹೊಸ ಸಪ್ಲೈಗಳಲ್ಲಿ ಅದು ಇರುವುದಿಲ್ಲ.

ಎರಡು ರಿಬ್ಬನ್ ಕೇಬಲ್ ಇರೋ ದಪ್ಪ ಹಾರ್ಡ್ ಡಿಸ್ಕ್ ಒಂದಿದೆ. ಡಿಸ್ಕ್ ಒಬ್ಬರಿಗೆ, ಅದರ ಕಾರ್ಡ್ ಇನ್ನೊಬ್ಬರಿಗೆ ಬೇಕಂತೆ.

ಬೇರೆ ಮಾಡಬೇಡಿ. ಒಂದು 34 ಪಿನ್ನಿನದು, ಇನ್ನೊಂದು 20 ಪಿನ್ನಿನದಾದರೆ ಅದು ಎಂಎಫ್‌ಎಂ ಅಥವಾ ಆರ್‌ಎಲ್‌ಎಲ್ ಡಿಸ್ಕು, ಸೀಗೇಟಿನ 20 ಎಂಬಿಯ ಎಸ್‌ಟಿ-225 ಥರದ್ದು. ಡಿಸ್ಕಿನ ಮೇಲೆ ಬರೆದ ಕ್ರಮ ಆ ಕಂಟ್ರೋಲರ್ ಕಾರ್ಡಿನದು. ಬೇರೆ ಕಾರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಓದಲು ಬರುವುದಿಲ್ಲ, ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ ಇದ್ದದ್ದೂ ಹೋಯಿತು. ಓಡುವ ಸ್ಥಿತಿಯಲ್ಲಿದ್ದರೆ ಸಾಗಿಸುವ ಮುಂಚೆ ಡಾಸ್‌ನಲ್ಲಿ ಪಾರ್ಕ್ ಪ್ರೋಗ್ರಾಂ ಓಡಿಸಿ ಆಫ್ ಮಾಡಿ. ಈ ಡಿಸ್ಕುಗಳ ಹೆಡ್ಡು ಕರೆಂಟು ಹೋದಾಗ ತಾನಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಬಸ್ಸಿನ ಕುಲುಕಾಟಕ್ಕೆ ತಟ್ಟೆ ಗೀರುತ್ತದೆ. ಡಿಸ್ಕು, ಕಾರ್ಡು, ಎರಡು ಕೇಬಲ್ಲು ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗೇ ಹೋಗಲಿ. ಇನ್ನೊಬ್ಬರು ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳಿ.